ಕಥೆಗಾರನ ಕುಲುಮೆ

ಗವಿಪುರದ ಗಂಗಾಧರೇಶ್ವರನ ಗುಡಿಯನ್ನು ನೋಡಿದವರಿಗೆ ಅಲ್ಲಿಯ ಅಂಗಳದ ನಾಲ್ಕು ಕಲ್ಲಿನ ಕೆಲಸಗಳು ಮರೆತಿರಲಾರವು. ಸೂರ್ಯಪಾನ, ಚಂದ್ರಪಾನಗಳೆಂಬ ಎರಡು ದೊಡ್ಡ ಬಿಲ್ಲೆಗಳು, ಒಂದು ಡಮರು, ಒಂದು ತ್ರಿಶೂಲ. ಒಂದೊಂದೂ ಆಳೆತ್ತರವನ್ನು ಮೀರಿ ನಿಂತಿದೆ. ಸಂಕ್ರಾಂತಿಯ ಸಂಜೆಯ ನೂಕುನುಗ್ಗಲು ಇಲ್ಲದ ಯಾವುದಾದರೊಂದು ಸೋಮವಾರ ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ತಂದೆಯ ಕೈ ಹಿಡಿದು ಬಂದ ಮಗುವೊಂದು ತ್ರಿಶೂಲದ ಮುಂದೆ ನಿಂತು ಎರಡು ಪ್ರಶ್ನೆಗಳನ್ನು ಕೇಳುವುದು ಕಿವಿಗೆ ಬೀಳುತ್ತದೆ. ಇದನ್ನು ಎತ್ತುವವರು ಯಾರು? ಇದರಿಂದ ಹೊಡೆದರೆ ಏನಾಗುತ್ತದೆ? ತಂದೆ ತನಗೆ ತೋಚಿದ ಉತ್ತರ ಹೇಳಿ ಪ್ರಸಾದದ ಕಡೆಗೆ ನಡೆಯುತ್ತಾನೆ. ಮೂರನೆಯ ಪ್ರಶ್ನೆಯೊಂದು ಉಂಟು. ಅದನ್ನು ಮಗುವೂ ಕೇಳುವುದಿಲ್ಲ, ತಂದೆಯೂ ನೆನೆಯುವುದಿಲ್ಲ. ಈ ಆಯುಧದಿಂದ ಆಗದ ಕೆಲಸ ಯಾವುದು?

ಕಥೆ ಬರೆಯಲು ಕುಳಿತವನಿಗೆ ಈ ಮೂರನೆಯ ಪ್ರಶ್ನೆಯೇ ಮೊದಲನೆಯದಾಗಬೇಕು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಮನೆಯಲ್ಲಿಯೂ ಇಂದು ಅದ್ಭುತ ಕಥೆಗಳನ್ನು ಹೆಣೆಯುವ ತರುಣ ತರುಣಿಯರಿದ್ದಾರೆ. ಕೆಲವರು ಕಾದಂಬರಿ ಬರೆಯುತ್ತಾರೆ, ಕೆಲವರು ಚಿತ್ರಕಥೆ ಬರೆಯುತ್ತಾರೆ, ಮತ್ತೆ ಕೆಲವರು ಕಂಪ್ಯೂಟರಿನ ಆಟಗಳಿಗೆ ಲೋಕಗಳನ್ನು ಕಟ್ಟುತ್ತಾರೆ. ಇವರ ನೋಟ್‌ಪುಸ್ತಕಗಳ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಕಾಣುವುದು ನಾಯಕನ ಕತ್ತಿಯ ವರ್ಣನೆ. ಅದು ಬೆಟ್ಟವನ್ನು ಸೀಳುತ್ತದೆ, ಬೆಂಕಿಯನ್ನು ಉಗುಳುತ್ತದೆ, ಕಾಲವನ್ನೇ ನಿಲ್ಲಿಸುತ್ತದೆ. ಪಟ್ಟಿ ಬೆಳೆಯುತ್ತ ಹೋದಂತೆ ಬರೆಯುವವರ ಉತ್ಸಾಹವೂ ಬೆಳೆಯುತ್ತದೆ. ಮೂರನೆಯ ಅಧ್ಯಾಯದ ಹೊತ್ತಿಗೆ ಕಥೆ ಮಾತ್ರ ಉಸಿರು ಬಿಟ್ಟಿರುತ್ತದೆ. ಬೆಟ್ಟವನ್ನೇ ಸೀಳುವ ಕತ್ತಿ ಕೈಯಲ್ಲಿರುವವನಿಗೆ ಬಾಗಿಲ ಬೀಗ ಒಂದು ತೊಡಕೇ? ತೊಡಕಿಲ್ಲದ ಕಥೆಯನ್ನು ಮುಂದಿನ ವಾರದವರೆಗೆ ಕಾದು ಓದುವ ಓದುಗ ಎಲ್ಲಿದ್ದಾನೆ?

ಇದಕ್ಕೆ ಮದ್ದನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಅಜ್ಜಿಯಂದಿರು ಕೇಳಿ ಬೆಳೆದ ಕಥೆಗಳಲ್ಲಿಯೇ ಅದು ಇದೆ. ಮಾಯಾಯುಧವನ್ನು ಕಟ್ಟುವ ವಿದ್ಯೆಯಲ್ಲಿ ನಮ್ಮ ಹಿಂದಿನ ಕಥೆಗಾರರನ್ನು ಮೀರಿಸಿದವರು ಲೋಕದಲ್ಲಿ ಕಡಿಮೆ. ಅವರು ಆಯುಧದ ಶಕ್ತಿಯನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಿ, ಅದರ ಮಿತಿಯನ್ನು ಮಾತ್ರ ಅಕ್ಕಸಾಲಿಗನ ಎಚ್ಚರದಿಂದ ಕೆತ್ತುತ್ತಿದ್ದರು.

ಒಂದೇ ಬಾರಿ

ಕರ್ಣನ ಶಕ್ತ್ಯಾಯುಧವನ್ನು ನೋಡಿ. ಹುಟ್ಟಿನಿಂದಲೇ ಮೈಗಂಟಿ ಬಂದಿದ್ದ ಕವಚಕುಂಡಲಗಳನ್ನು ಇಂದ್ರನಿಗೆ ಕೊಯ್ದುಕೊಟ್ಟು ಅವನು ಪಡೆದದ್ದು ಅದು. ಗುರಿ ತಪ್ಪುವುದಿಲ್ಲ ಎಂಬುದು ಅದರ ಶಕ್ತಿ. ಒಬ್ಬನನ್ನು ಕೊಂದ ಕೂಡಲೇ ಇಂದ್ರನ ಕೈಗೆ ಹಿಂತಿರುಗಿಬಿಡುತ್ತದೆ ಎಂಬುದು ಅದರ ಮಿತಿ. ಇಷ್ಟೇ. ಈ ಒಂದು ಷರತ್ತಿನಿಂದ ಮಹಾಭಾರತದ ಕಥೆಗೆ ಎಷ್ಟು ಬಿಗುವು ಬಂತೆಂಬುದನ್ನು ಲೆಕ್ಕ ಹಾಕಿ. ಅರ್ಜುನನಿಗಾಗಿ ಕರ್ಣ ಅದನ್ನು ಬಚ್ಚಿಟ್ಟುಕೊಂಡಿದ್ದಾನೆ. ಕೃಷ್ಣನಿಗೆ ಅದು ಗೊತ್ತು. ಆದ್ದರಿಂದ ಕರ್ಣನ ರಥ ಎದುರಾದಾಗಲೆಲ್ಲ ಓದುಗನ ಎದೆ ಡವಗುಟ್ಟುತ್ತದೆ. ಹದಿನಾಲ್ಕನೆಯ ದಿನ ಸೂರ್ಯ ಮುಳುಗಿದ ಮೇಲೂ ಯುದ್ಧ ನಿಲ್ಲಲಿಲ್ಲ. ಕತ್ತಲಲ್ಲಿ ಬಲ ಹೆಚ್ಚುವ ರಾಕ್ಷಸವಂಶದ ಘಟೋತ್ಕಚ ಕೌರವಸೇನೆಯನ್ನು ಹಿಂಡಿ ಹಾಕುತ್ತಿದ್ದಾನೆ. ಸುತ್ತಲಿನವರೆಲ್ಲ ಕರ್ಣನನ್ನು ಕೂಗಿ ಬೇಡುತ್ತಾರೆ. ನಾಳೆಯ ಅರ್ಜುನನಿಗಾಗಿ ಕಾಯೋಣವೆಂದರೆ ಈ ರಾತ್ರಿಯೇ ಕಳೆಯುವಂತಿಲ್ಲ. ಕರ್ಣ ಆ ಆಯುಧವನ್ನು ಎಸೆಯುತ್ತಾನೆ. ಘಟೋತ್ಕಚ ಬೀಳುತ್ತಾನೆ, ಪಾಂಡವರು ಅಳುತ್ತಾರೆ, ಕೃಷ್ಣನೊಬ್ಬ ಹಿಗ್ಗಿ ಕುಣಿಯುತ್ತಾನೆ.

ಆಯುಧ ಮೂರು ಬಾರಿ ಬಳಸುವಂಥದ್ದಾಗಿದ್ದರೆ ಈ ರಾತ್ರಿಯೇ ಇರುತ್ತಿರಲಿಲ್ಲ. ಭೀಮನ ಮಗನ ಸಾವಿಗೆ ಕೃಷ್ಣ ನಕ್ಕನೆಂಬ ಆ ಘೋರವಾದ, ಆದರೆ ಮರೆಯಲಾಗದ ಗಳಿಗೆಯೂ ಇರುತ್ತಿರಲಿಲ್ಲ. ಕರ್ಣ ಇಲ್ಲಿ ಸೋತದ್ದು ದೌರ್ಬಲ್ಯದಿಂದಲ್ಲ. ತನ್ನವರನ್ನು ಉಳಿಸಲು ಹೋಗಿ ತನ್ನನ್ನು ಕಳೆದುಕೊಂಡ. ಒಳ್ಳೆಯ ಮಿತಿಯ ಲಕ್ಷಣವೇ ಇದು: ಅದು ಆಯುಧ ಹಿಡಿದವನನ್ನು ಎರಡು ಪ್ರಿಯವಸ್ತುಗಳ ನಡುವೆ ನಿಲ್ಲಿಸಿ, ಆರಿಸಿಕೊ ಎನ್ನುತ್ತದೆ.

ಎಂಜಿನಿಯರುಗಳಿಂದ ತುಂಬಿದ ಈ ಊರಿನಲ್ಲಿ ಇಂಥ ಮಾತು ಹೇಳುವುದು ತುಸು ಅಪಾಯಕರ. ನಿಜವಾದ ಅಸ್ತ್ರಗಳನ್ನು ಮಾಡುವವರ ದಾರಿ ಇದಕ್ಕೆ ಪೂರ್ತಿ ವಿರುದ್ಧ. ಹೈದರಾಲಿ, ಟಿಪ್ಪು ಇವರ ಕಾಲದ ಮೈಸೂರು ರಾಕೆಟ್ಟು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳುವಿಗೆ ಕಟ್ಟಿದ ಆಯುಧ. ಕಬ್ಬಿಣದ ಕೊಳವೆಯಿಂದಾಗಿ ಅದು ಆಗಿನ ಬೇರೆ ರಾಕೆಟ್ಟುಗಳಿಗಿಂತ ದೂರ ಹಾರುತ್ತಿತ್ತು, ಆದರೆ ಅಡ್ಡಾದಿಡ್ಡಿಯಾಗಿಯೂ ಹಾರುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳುಬಾವಿಯಲ್ಲಿ ಇಂಥ ಸಾವಿರ ರಾಕೆಟ್ಟುಗಳು ಸಿಕ್ಕಿದ್ದು ಹಲವರಿಗೆ ನೆನಪಿರಬಹುದು. ಅವನ್ನು ಇಂಗ್ಲೆಂಡಿಗೆ ಕೊಂಡೊಯ್ದ ಮೇಲೆ ಕಾಂಗ್ರೀವ್ ಎಂಬಾತ ಪಟ್ಟ ಶ್ರಮವೆಲ್ಲ ಲೋಪಗಳನ್ನು ತೆಗೆಯುವುದಕ್ಕಾಗಿ. ನಮ್ಮ ದೇಶದಲ್ಲಿ 1983ರಲ್ಲಿ ಆರಂಭವಾದ ಕ್ಷಿಪಣಿ ಯೋಜನೆಯವರು ಪೃಥ್ವಿ, ಅಗ್ನಿ, ತ್ರಿಶೂಲ, ಆಕಾಶ, ನಾಗ ಎಂದು ಹೆಸರಿಟ್ಟರು. ಮುಂದೆ ಪಿನಾಕವೂ ಬಂತು, ಅಸ್ತ್ರವೆಂಬ ಹೆಸರಿನದೇ ಒಂದು ಬಂತು. ಹೆಸರುಗಳು ಪುರಾಣದವು, ಕೆಲಸ ಮಾತ್ರ ಲೋಪನಿವಾರಣೆಯದು. ಕಾರ್ಖಾನೆಯಲ್ಲಿ ಲೋಪವೆಂದರೆ ನಷ್ಟ. ಕಥೆಗಾರನ ಕುಲುಮೆಯಲ್ಲಿ ಲೋಪವೇ ಪ್ರಾಣ. ಅಲ್ಲಿ ಅದನ್ನು ತಿಳಿದೂ ತಿಳಿದೂ ಇಡಬೇಕು.

ಉತ್ತರ ಯೂರೋಪಿನ ಪುರಾಣದಲ್ಲಿ ಥೋರ್ ಎಂಬ ದೇವತೆಯ ಸುತ್ತಿಗೆಯ ಹಿಡಿ ಮೋಟು. ಅದನ್ನು ಬಡಿಯುತ್ತಿದ್ದಾಗ ಲೋಕಿಯೆಂಬ ತಂಟೆಕೋರ ನೊಣದ ರೂಪದಿಂದ ಬಂದು ಕೆಲಸದವನನ್ನು ಕಚ್ಚಿದನಂತೆ. ತಿದಿಯೊತ್ತುವುದು ಕ್ಷಣ ನಿಂತಿತು, ಹಿಡಿ ಮೋಟಾಯಿತು. ಆ ಮೋಟುಹಿಡಿಯಿಂದಲೇ ಆ ಸುತ್ತಿಗೆ ಇಂದಿಗೂ ನೆನಪಿನಲ್ಲಿದೆ ಎಂದು ನನ್ನ ಅನಿಸಿಕೆ.

ಬೆಲೆ ತೆತ್ತವರು ಯಾರು?

ಮಿತಿಯಾದ ಮೇಲೆ ಕೇಳಬೇಕಾದ್ದು ಬೆಲೆ. ವಜ್ರಾಯುಧ ಯಾವುದರಿಂದ ಆಯಿತು? ದಧೀಚಿಯ ಎಲುಬಿನಿಂದ. ವೃತ್ರನನ್ನು ಕೊಲ್ಲಲು ಬೇರೆ ಯಾವ ಆಯುಧವೂ ಸಾಲದೆಂದಾಗ ದೇವತೆಗಳು ಋಷಿಯ ಮುಂದೆ ಬಂದು ನಿಂತರು. ಅವನು ದೇಹವನ್ನೇ ಬಿಟ್ಟುಕೊಟ್ಟ. ತ್ವಷ್ಟೃ ಆ ಮೂಳೆಯನ್ನು ಕಡೆದ. ಇಂದ್ರ ಅದನ್ನು ಬೀಸಿದಾಗಲೆಲ್ಲ ಯಾರದೋ ಬೆನ್ನುಮೂಳೆಯನ್ನು ಬೀಸುತ್ತಿದ್ದಾನೆಂಬುದನ್ನು ಕೇಳುವವರು ಮರೆಯುವಂತಿಲ್ಲ. ಯಾವುದೋ ಗುಹೆಯಲ್ಲಿ ಪುಕ್ಕಟೆಯಾಗಿ ಸಿಕ್ಕಿದ ಕತ್ತಿಗೂ ಇದಕ್ಕೂ ಇರುವ ಅಂತರ ಇದು.

ಆದರೆ ಬೆಲೆಯ ವಿಚಾರದಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕೂ ಮಿಗಿಲಾದ ಆಯುಧ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿದೆ. ದೇವನೂರಿನ ಈ ಕವಿಯ ಕಾವ್ಯವನ್ನು ಕನ್ನಡದ ಮನೆಗಳಲ್ಲಿ ಎಷ್ಟು ತಲೆಮಾರು ರಾಗವಾಗಿ ಓದಿ ಅರ್ಥ ಹೇಳಿಸಿಕೊಂಡಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಧರ್ಮರಾಯನ ಅಶ್ವಮೇಧದ ಕುದುರೆ ನೀಲಧ್ವಜರಾಜನ ಮಾಹಿಷ್ಮತಿಗೆ ಬರುತ್ತದೆ. ಕಾಳಗವಾಗುತ್ತದೆ. ಕಡೆಗೆ ರಾಜ ಅರ್ಜುನನೊಡನೆ ಸಂಧಿ ಮಾಡಿಕೊಳ್ಳುತ್ತಾನೆ. ರಾಣಿ ಜ್ವಾಲೆಗೆ ಮಾತ್ರ ಅದು ಒಪ್ಪಿಗೆಯಿಲ್ಲ. ಸೇಡು ತೀರಿಸೆಂದು ಒಡಹುಟ್ಟಿದವನ ಬಳಿಗೆ ಹೋಗುತ್ತಾಳೆ, ಅವನೂ ಆಗದೆನ್ನುತ್ತಾನೆ. ಗಂಡನೂ ತವರೂ ಕೈಬಿಟ್ಟ ಆ ಹೆಂಗಸು ಗಂಗೆಯ ದಡಕ್ಕೆ ಬರುತ್ತಾಳೆ. ಬಂದವಳು ಗಂಗೆಯನ್ನು ಬೇಡುವುದಿಲ್ಲ, ಹಂಗಿಸುತ್ತಾಳೆ. ಏಳು ಮಕ್ಕಳನ್ನು ನೀರಿಗೆಸೆದ ತಾಯಿ ನೀನು. ಉಳಿದ ಒಬ್ಬ ಭೀಷ್ಮನನ್ನೂ ಅರ್ಜುನ ಶಿಖಂಡಿಯ ಮರೆಯಲ್ಲಿ ನಿಂತು ಕೆಡವಿದ. ಕೇಳುವವರಿಲ್ಲದ ನಿನ್ನ ನೀರು ಮುಟ್ಟಿದರೆ ಪಾಪ! ಗಂಗೆ ಕೆರಳಿ, ಆರು ತಿಂಗಳೊಳಗೆ ಅರ್ಜುನನ ತಲೆ ಬೀಳಲೆಂದು ಶಪಿಸುತ್ತಾಳೆ. ಜ್ವಾಲೆಗೆ ಶಾಪವಷ್ಟೇ ಸಾಲದು. ಬೆಂಕಿಯನ್ನು ಹೊಕ್ಕು ಉರಿಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರಿ ಕಾಯುತ್ತಾಳೆ.

ಬಭ್ರುವಾಹನನೆಂದರೆ ಅರ್ಜುನನ ಸ್ವಂತ ಮಗ, ಚಿತ್ರಾಂಗದೆಯ ಗರ್ಭದಲ್ಲಿ ಹುಟ್ಟಿದವನು. ತಂದೆ ಬಂದನೆಂದು ಕಾಣಿಕೆ ಹಿಡಿದು ಬಂದ ಆ ಹುಡುಗನನ್ನು ಅರ್ಜುನ ಹೀಯಾಳಿಸಿ ಒದ್ದು ತಳ್ಳುತ್ತಾನೆ. ಯುದ್ಧವಾಗುತ್ತದೆ. ಬತ್ತಳಿಕೆಯ ಆ ಬಾಣ ತನ್ನ ಕೆಲಸ ಮಾಡುತ್ತದೆ. ಸಿಟ್ಟು ಒಬ್ಬಳದು, ಶಾಪ ಮತ್ತೊಬ್ಬಳದು, ಕೈ ಮಗನದು, ತಲೆ ತಂದೆಯದು. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಗಳು ‘ಬಭ್ರುವಾಹನ’ ಚಿತ್ರ ತೆಗೆದಾಗ ತಂದೆ ಮಗ ಇಬ್ಬರ ಪಾತ್ರವನ್ನೂ ರಾಜಕುಮಾರರೇ ವಹಿಸಿದರು. ಒಂದೇ ಮುಖ ತನ್ನೆದುರು ತಾನೇ ನಿಂತು ಗರ್ಜಿಸುವುದನ್ನು ಕಂಡವರಿಗೆ ಈ ಕಥೆಯ ಒಳಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಜೊತೆಯಲ್ಲಿ ಕರ್ಣನ ಸರ್ಪಾಸ್ತ್ರವನ್ನೂ ಇಟ್ಟು ನೋಡಬೇಕು. ಖಾಂಡವವನದ ಬೆಂಕಿಯಲ್ಲಿ ತನ್ನನ್ನು ಉಳಿಸಲು ಹೋಗಿ ಅರ್ಜುನನ ಬಾಣಕ್ಕೆ ಸತ್ತ ತಾಯಿಯ ಸೇಡಿಗಾಗಿ ಅಶ್ವಸೇನನೆಂಬ ಹಾವು ಕರ್ಣನ ಬಾಣವಾಗಿ ಬರುತ್ತದೆ. ಕೊರಳಿಗೆ ಹೂಡಿದ ಗುರಿಯನ್ನು ಬದಲಿಸೆಂದು ಶಲ್ಯ ಹೇಳುತ್ತಾನೆ. ಒಮ್ಮೆ ಹೂಡಿದ ಗುರಿಯನ್ನು ಕರ್ಣ ಬದಲಿಸುವುದಿಲ್ಲ. ಕೃಷ್ಣ ರಥವನ್ನು ನೆಲಕ್ಕೆ ಒತ್ತಿದ್ದರಿಂದ ಕಿರೀಟ ಹಾರಿ ತಲೆ ಉಳಿಯುತ್ತದೆ. ಹಾವು ಹಿಂದಿರುಗಿ ಬಂದು, ಇನ್ನೊಮ್ಮೆ ಹೂಡು ಎನ್ನುತ್ತದೆ. ಕರ್ಣ ಒಲ್ಲೆನೆನ್ನುತ್ತಾನೆ. ಗೆಲುವು ಕೈಗೆ ತಾನಾಗಿ ಬಂದು ಕುಳಿತಿದೆ. ಬೇಡವೆಂದವನ ಮನಸ್ಸು ಎಂಥದು! ಕುಮಾರವ್ಯಾಸನನ್ನು ಓದಿದವರೂ ತಾಳಮದ್ದಲೆ ಕೇಳಿದವರೂ ಕರ್ಣನಿಗಾಗಿ ಕಣ್ಣೀರು ತಂದುಕೊಳ್ಳುವುದು ಇಂಥ ಕಡೆಗಳಲ್ಲಿ. ಆಯುಧದ ಮಿತಿ ಇಲ್ಲಿ ಆಯುಧದಲ್ಲಿಲ್ಲ, ಹಿಡಿದವನ ಮಾತಿನಲ್ಲಿದೆ.

ಮಾತಿನ ಸಂದು

ವರಗಳೂ ಆಯುಧಗಳೇ. ಹಿರಣ್ಯಕಶಿಪುವಿನ ವರವನ್ನು ಓದುವಾಗ ನನಗೆ ಯಾವಾಗಲೂ ನಮ್ಮ ಬಡಾವಣೆಗಳ ನಿವೇಶನದ ಕ್ರಯಪತ್ರ ನೆನಪಾಗುತ್ತದೆ. ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು ಎಂದು ನಾಲ್ಕೂ ಗಡಿ ಬರೆಸಿದ ಮೇಲೂ ಎಲ್ಲೋ ಒಂದು ಸಂದು ಉಳಿದಿರುತ್ತದಲ್ಲವೇ? ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಹಗಲು ಬೇಡ, ಇರುಳು ಬೇಡ, ಒಳಗೆ ಬೇಡ, ಹೊರಗೆ ಬೇಡ ಎಂದು ಅವನು ಬರೆಸಿಕೊಂಡ ಪ್ರತಿಯೊಂದು ಗಡಿಯ ಮೇಲೆಯೇ ನರಸಿಂಹ ಕಾಲಿಟ್ಟ. ಹೊಸ್ತಿಲು, ಮುಸ್ಸಂಜೆ, ತೊಡೆ, ಉಗುರು. ಇಲ್ಲಿ ಕಥೆಗಾರನ ಪ್ರಾಮಾಣಿಕತೆಯನ್ನು ಗಮನಿಸಬೇಕು. ವರವನ್ನು ಅವನು ಮುರಿಯಲಿಲ್ಲ. ಅಕ್ಷರಕ್ಕೆ ಅಕ್ಷರ ನಡೆಸಿಕೊಟ್ಟೇ ಗೆದ್ದ. ಕಡೆಯ ಅಧ್ಯಾಯದಲ್ಲಿ ಹಠಾತ್ತನೆ ಹೊಸ ಶಕ್ತಿಯನ್ನು ತಂದು ನಾಯಕನನ್ನು ಗೆಲ್ಲಿಸುವ ಲೇಖಕನಿಗೆ ಓದುಗರು ಪತ್ರ ಬರೆದು ಬಯ್ಯುವುದು ನ್ಯಾಯವೇ. ನಿಯಮವನ್ನು ಮೊದಲೇ ಹೇಳಿ, ಅದೇ ನಿಯಮದ ಸಂದಿನಿಂದ ನುಸುಳಿದರೆ ಅವರೇ ಚಪ್ಪಾಳೆ ತಟ್ಟುತ್ತಾರೆ.

ನಾರಾಯಣಾಸ್ತ್ರದ ಕಟ್ಟಡವೂ ಇಷ್ಟೇ ಜಾಣತನದ್ದು. ದ್ರೋಣ ಸತ್ತಾಗ ಅಶ್ವತ್ಥಾಮ ಅದನ್ನು ಬಿಡುತ್ತಾನೆ. ಎದುರಿಸಿದಷ್ಟೂ ಅದು ಉರಿಯುತ್ತದೆ. ಆಯುಧ ಕೆಳಗಿಟ್ಟು ರಥದಿಂದಿಳಿದವರನ್ನು ಮುಟ್ಟುವುದಿಲ್ಲ. ಕೃಷ್ಣ ಎಲ್ಲರನ್ನೂ ಇಳಿಸುತ್ತಾನೆ. ಇಳಿಯದವನು ಭೀಮನೊಬ್ಬ! ಅಸ್ತ್ರವೆಲ್ಲ ಅವನ ತಲೆಯ ಮೇಲೆಯೇ ಕವಿಯುತ್ತದೆ. ಕಡೆಗೆ ಕೃಷ್ಣಾರ್ಜುನರು ಅವನನ್ನು ಎಳೆದು ಇಳಿಸಬೇಕಾಗುತ್ತದೆ. ಭೀಮನ ಸ್ವಭಾವವನ್ನು ಬಲ್ಲವರಿಗೆ ಆ ಎಳೆದಾಟದಲ್ಲಿ ನಗುವೂ ಬರುತ್ತದೆ, ದಿಗಿಲೂ ಆಗುತ್ತದೆ. ಮತ್ತೊಮ್ಮೆ ಬಿಡೆಂದು ದುರ್ಯೋಧನ ಹೇಳಿದರೆ, ಎರಡನೆಯ ಸಲ ಬಿಟ್ಟವನ ಮೇಲೆಯೇ ತಿರುಗುತ್ತದೆಂದು ಅಶ್ವತ್ಥಾಮ ಕೈಚೆಲ್ಲುತ್ತಾನೆ.

ಇದೇ ಅಶ್ವತ್ಥಾಮನ ಕೊನೆಯ ಅಸ್ತ್ರದ ಪ್ರಸಂಗವನ್ನು ಮಕ್ಕಳಿಗೆ ಹೇಳುವಾಗ ತಾಯಂದಿರು ದನಿ ತಗ್ಗಿಸುತ್ತಾರೆ. ಹುಲ್ಲುಕಡ್ಡಿಯೊಂದನ್ನು ಮಂತ್ರಿಸಿ ಅವನು ಬ್ರಹ್ಮಶಿರಸ್ಸನ್ನು ಬಿಟ್ಟ, ಅರ್ಜುನನೂ ಬಿಟ್ಟ. ವ್ಯಾಸನಾರದರು ನಡುವೆ ಬಂದು ನಿಂತು ಹಿಂದೆಗೆಯಿರೆಂದರು. ಅರ್ಜುನ ಹಿಂದೆಗೆದ. ಅಶ್ವತ್ಥಾಮನಿಗೆ ಬಿಡುವ ಮಂತ್ರ ಗೊತ್ತು, ಹಿಂದೆಗೆಯುವ ಬಲವಿಲ್ಲ. ಎಲ್ಲಾದರೂ ಬೀಳಲೇಬೇಕಾದ ಅಸ್ತ್ರವನ್ನು ಅವನು ಪಾಂಡವಸ್ತ್ರೀಯರ ಗರ್ಭದ ಮೇಲೆ ತಿರುಗಿಸಿದ. ಉತ್ತರೆಯ ಹೊಟ್ಟೆಯ ಕೂಸು ಪರೀಕ್ಷಿತನನ್ನು ಬದುಕಿಸಬೇಕಾದರೆ ಕೃಷ್ಣನೇ ಬರಬೇಕಾಯಿತು. ಒಂದು ಆಯುಧವನ್ನು ಕಲ್ಪಿಸಿದವರು ಅದನ್ನು ಹಿಂದಕ್ಕೆ ಕರೆಯುವುದು ಹೇಗೆಂದು ಯೋಚಿಸಿದ್ದಾರೆಯೇ? ತರುಣ ಲೇಖಕರ ಹಸ್ತಪ್ರತಿಗಳಲ್ಲಿ ಈ ಪುಟ ಬಹುಮಟ್ಟಿಗೆ ಖಾಲಿ.

ಆಯುಧವೆಂದರೆ ಲೋಹವೇ ಆಗಬೇಕೆಂದೂ ಇಲ್ಲ. ಅದೇ ಜೈಮಿನಿ ಭಾರತದ ಚಂದ್ರಹಾಸನ ಕಥೆಯಲ್ಲಿ ಮಂತ್ರಿ ದುಷ್ಟಬುದ್ಧಿ ಬರೆದು ಕಳಿಸಿದ ಓಲೆಯೊಂದಿದೆ: ಇವನಿಗೆ ವಿಷವನ್ನು ಕೊಡು. ಮಲಗಿದ್ದ ಚೆಲುವನನ್ನು ಕಂಡ ಮಂತ್ರಿಯ ಮಗಳು ಒಂದಕ್ಷರ ತಿದ್ದುತ್ತಾಳೆ. ‘ವಿಷ’ ಹೋಗಿ ‘ವಿಷಯೆ’ ಆಗುತ್ತದೆ. ಅದು ಅವಳದೇ ಹೆಸರು. ಕೊಲ್ಲಲು ಕಳಿಸಿದವನು ಅಳಿಯನಾಗುತ್ತಾನೆ. ಬರವಣಿಗೆಯವರಿಗೆ ಇದಕ್ಕಿಂತ ಹಿತವಾದ ಮಾಯಾಯುಧ ಬೇಕೇ?

ಕಣ್ಣಿಗೆ ಕಾಣುವ ರೂಪ

ಚಿತ್ರಗಳ ವಿಚಾರ ಬಂದರೆ, ಮಕ್ಕಳ ‘ಚಂದಮಾಮ’ 1947ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೂ ಬಂತು. ನಮ್ಮ ನಾಗಮಂಗಲದ ಎಂ.ಟಿ.ವಿ. ಆಚಾರ್ಯರು ಅದರ ಮುಖಪುಟಕ್ಕೆ ಬರೆದ ಮಹಾಭಾರತದ ಚಿತ್ರಗಳನ್ನು ಕತ್ತರಿಸಿ ಕಟ್ಟು ಹಾಕಿಸಿದ ಮನೆಗಳೆಷ್ಟೋ. ಗದೆಯೆಂದರೆ ಹೀಗಿರಬೇಕು, ಗಾಂಡೀವವೆಂದರೆ ಹೀಗೆ ಎಂಬ ರೂಪ ಒಂದು ತಲೆಮಾರಿನ ಕಣ್ಣಿನಲ್ಲಿ ನಿಂತದ್ದು ಇಂಥ ಪುಟಗಳಿಂದ. ಯಕ್ಷಗಾನದವರ ದಾರಿ ಬೇರೆ. ಅವರ ಕೈಯಲ್ಲಿರುವುದು ಹಗುರವಾದ ಮರದ ಬಿಲ್ಲುಬಾಣ. ಅಸ್ತ್ರವನ್ನು ಹಾರಿಸುವುದು ಚಂಡೆ. ತಾಳಮದ್ದಲೆಯವರಂತೂ ಇನ್ನೂ ಮುಂದೆ ಹೋಗಿ ಅದನ್ನೂ ಬಿಟ್ಟರು. ವೇಷವಿಲ್ಲ, ಬಿಲ್ಲಿಲ್ಲ, ಶಾಲು ಹೊದ್ದು ಕುಳಿತ ಇಬ್ಬರು ಅರ್ಥಧಾರಿಗಳ ಮಾತಿನಲ್ಲಿಯೇ ಸರ್ಪಾಸ್ತ್ರ ಬುಸುಗುಟ್ಟಬೇಕು. ಬುಸುಗುಟ್ಟುತ್ತದೆ ಕೂಡ! ಕತ್ತಿಯ ಹಿಡಿಯಲ್ಲಿ ಎಷ್ಟು ಕೆಂಪು ಹರಳುಗಳಿವೆಯೆಂದು ಎರಡು ಪುಟ ಬರೆಯುವವರು ಒಂದು ರಾತ್ರಿ ತಾಳಮದ್ದಲೆ ಕೇಳಿ ಬಂದರೆ ಆ ಎರಡು ಪುಟಗಳನ್ನು ತಾವೇ ಹರಿಯುತ್ತಾರೆ.

ಕಥೆ ಮುಗಿದ ಮೇಲೆ ಆಯುಧ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹಿಂದಿನವರು ಮರೆಯುತ್ತಿರಲಿಲ್ಲ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಬನ್ನಿಮರದ ಮೇಲಿಟ್ಟು, ಜನ ಹತ್ತಿರ ಬಾರದಿರಲೆಂದು ಹೆಣವೊಂದನ್ನು ಅಲ್ಲಿ ತೂಗುಹಾಕಿದರು. ವಿಜಯದಶಮಿಯಂದು ನಾವು ಹಂಚಿಕೊಳ್ಳುವ ಬನ್ನಿಯ ಎಲೆಗೆ ಈ ನೆನಪು ಅಂಟಿದೆ. ಗಾಂಡೀವವಂತೂ ಕಡವಾಗಿ ಬಂದದ್ದು. ಅಗ್ನಿ ಅದನ್ನು ವರುಣನಿಂದ ತಂದುಕೊಟ್ಟಿದ್ದ. ಕೃಷ್ಣ ಹೋದ ಮೇಲೆ ದಾರಿಯ ಕಳ್ಳರು ಮೇಲೆ ಬಿದ್ದಾಗ ಅರ್ಜುನನಿಗೆ ಆ ಬಿಲ್ಲಿಗೆ ಹೆದೆಯೇರಿಸುವುದೇ ಕಷ್ಟವಾಯಿತು, ಅಸ್ತ್ರದ ಮಂತ್ರಗಳು ನೆನಪಿಗೆ ಬರಲಿಲ್ಲ. ಮಹಾಪ್ರಸ್ಥಾನದ ದಾರಿಯಲ್ಲಿ ಅಗ್ನಿ ಎದುರು ನಿಂತು ವರುಣನ ವಸ್ತುವನ್ನು ಹಿಂದಕ್ಕೆ ಕೇಳಿದ. ಅರ್ಜುನ ಬಿಲ್ಲನ್ನೂ ಬತ್ತಳಿಕೆಗಳನ್ನೂ ನೀರಿಗೆಸೆದ. ಇಂಗ್ಲೆಂಡಿನ ಆರ್ಥರ್ ರಾಜನ ಕತ್ತಿಯೂ ಸರೋವರಕ್ಕೆ ಮರಳುತ್ತದೆಂಬುದು ಅಲ್ಲಿಯ ಕಥೆ.

ಮರಳದ ಆಯುಧಗಳದು ಬೇರೆ ಪಾಡು. ಸಾಂಬನಿಗೆ ಹೆಣ್ಣುವೇಷ ಹಾಕಿ ಋಷಿಗಳನ್ನು ಗೇಲಿ ಮಾಡಿದ ಯಾದವರಿಗೆ ಕಬ್ಬಿಣದ ಒನಕೆ ಹುಟ್ಟಿತಷ್ಟೆ. ತೇಯ್ದು ಪುಡಿಮಾಡಿ ಸಮುದ್ರಕ್ಕೆ ಚೆಲ್ಲಿದರು. ಪುಡಿ ದಡದಲ್ಲಿ ಜೊಂಡುಹುಲ್ಲಾಗಿ ಬೆಳೆಯಿತು. ಅದನ್ನೇ ಕಿತ್ತು ಬಡಿದಾಡಿ ಯಾದವರು ಸತ್ತರು. ತೇಯಲಾಗದೆ ಉಳಿದ ಚೂರೊಂದು ಜರನೆಂಬ ಬೇಡನ ಬಾಣದ ಮೊನೆಯಾಗಿ ಕೃಷ್ಣನ ಪಾದಕ್ಕೆ ನಾಟಿತು. ಟೋಲ್ಕಿನ್ ಎಂಬ ಆಂಗ್ಲ ಲೇಖಕ 1954-55ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಕಥೆಯಲ್ಲಿ ಒಂದು ಉಂಗುರವನ್ನು ಅದು ಹುಟ್ಟಿದ ಬೆಂಕಿಯಲ್ಲಿಯೇ ಕರಗಿಸಬೇಕೆಂದು ನಾಯಕ ಊರೂರು ಅಲೆಯುತ್ತಾನೆ. ಓದಿ ಬೆರಗಾದ ನಮ್ಮ ಹುಡುಗರು ಮನೆಯ ಕಪಾಟಿನಲ್ಲಿರುವ ಒನಕೆಯ ಕಥೆಯನ್ನೂ ಒಮ್ಮೆ ತೆಗೆದು ನೋಡಬಾರದೇ?

ರಾಗಿಗುಡ್ಡದ ಕವಣೆ

ಬರಿಯ ಮಾತೇಕೆ, ಒಂದು ಆಯುಧವನ್ನು ಕಟ್ಟಿಯೇ ನೋಡೋಣ. ಕಚ್ಚಾವಸ್ತು ಜಯನಗರ 9ನೆಯ ಬ್ಲಾಕಿನಲ್ಲಿಯೇ ಇದೆ. ಈಗ ಆಂಜನೇಯಸ್ವಾಮಿಯ ಗುಡಿಯಿರುವ ರಾಗಿಗುಡ್ಡದ ಸ್ಥಳಕಥೆಯನ್ನು ಸುತ್ತಲಿನವರು ಬಲ್ಲರು: ಸುಧರ್ಮೆಯೆಂಬ ಸೊಸೆ ಬೇಡಿ ಬಂದವರಿಗೆ ರಾಗಿ ಕೊಡಹೋದಳು, ಅತ್ತೆ ತಡೆದಳು, ರಾಗಿಯ ರಾಶಿಯೇ ಕಲ್ಲಿನ ಗುಡ್ಡವಾಯಿತು. ಇಲ್ಲಿಂದ ಮುಂದಿನದು ನನ್ನ ಕಲ್ಪನೆ. ದೋಷವಿದ್ದರೆ ಗುಡ್ಡದ ಮೇಲೆ ಹೊರಿಸಬಾರದು.

ನಾಯಕ ರಾಗಿಹೊಲದ ಅಟ್ಟಣೆಯ ಮೇಲೆ ಕುಳಿತು ಹಕ್ಕಿ ಓಡಿಸುವ ಹುಡುಗ. ಆಯುಧ ಅವನ ಕವಣೆ, ಕತ್ತಿಗಳು ಸಾಕಷ್ಟಾಗಿವೆ. ಕಲ್ಲು ಆ ಗುಡ್ಡದ್ದು. ರಾಗಿ ಕಲ್ಲಾದ ಕಾರಣ, ಆ ಕಲ್ಲು ತಗುಲಿದವನೂ ನಿಂತಲ್ಲಿಯೇ ಕಲ್ಲಾಗುತ್ತಾನೆ. ಶಕ್ತಿಯ ಮಾತು ಇಲ್ಲಿಗೆ ಸಾಕು. ಬೆಲೆಯೇನು? ಬೀಸಿದ ಒಂದೊಂದು ಕಲ್ಲಿಗೂ ಹುಡುಗನ ಮನೆಯ ಹಗೇವಿನಲ್ಲಿ ಒಂದು ಸೇರು ರಾಗಿ ಕಲ್ಲಾಗಿಬಿಡುತ್ತದೆ. ಹೊಲದಲ್ಲಿ ಗೆದ್ದುಬಂದ ದಿನ ಮನೆಯಲ್ಲಿ ಉಪವಾಸ. ಹಗೇವಿನ ಮುಚ್ಚಳ ತೆಗೆದು ನೋಡುವವಳು ಅಜ್ಜಿ; ಮೊಮ್ಮಗನ ಗುಟ್ಟು ಮೊದಲು ತಿಳಿಯುವುದು ಅವಳಿಗೆ. ಅವಳು ಆ ಹಳೆಯ ಅತ್ತೆಯ ವಂಶದವಳೇ ಆಗಿದ್ದರೆ ಇನ್ನೂ ಚೆನ್ನ.

ಮಿತಿ? ಹಸಿದವನ ಮುಂದೆ ಬಾಗಿಲು ಹಾಕಿದ್ದರಿಂದ ಹುಟ್ಟಿದ ಕಲ್ಲಾದ್ದರಿಂದ ಅದು ಹಸಿದವನನ್ನು ಮುಟ್ಟಲಾರದು. ಹೊಟ್ಟೆ ತುಂಬಿದವನ ಮೇಲಷ್ಟೇ ಬೀಳುತ್ತದೆ. ತನ್ನ ಮನೆಯ ಅನ್ನ ಉಂಡವನ ಮೇಲೆ ಬೀಸಿದರೆ ಬೀಸಿದವನೇ ಕಲ್ಲಾಗುತ್ತಾನೆ. ಈ ಎರಡು ನಿಯಮಗಳನ್ನು ಎರಡನೆಯ ಅಧ್ಯಾಯದಲ್ಲಿಯೇ ಅಜ್ಜಿಯ ಬಾಯಿಂದ ಓದುಗರಿಗೆ ಹೇಳಿಬಿಡಬೇಕು, ಬಚ್ಚಿಡಬಾರದು.

ಇನ್ನು ಕಥೆ ತಾನೇ ನಡೆಯುತ್ತದೆ. ಊರನ್ನು ಕೊಳ್ಳೆಹೊಡೆಯಲು ಬರುವ ದಳವಾಯಿಗೆ ಗುಟ್ಟು ಹೇಗೋ ತಿಳಿಯುತ್ತದೆ. ದಂಡಿಗೆಲ್ಲ ಅವನು ಮೂರು ದಿನ ಉಪವಾಸ ಹಾಕಿಸಿ ಕರೆತರುತ್ತಾನೆ. ಗುಡ್ಡದ ಕೆಳಗೆ ಕೆನ್ನೆ ಬತ್ತಿದ ಇನ್ನೂರು ಮಂದಿ ನಿಂತಿದ್ದಾರೆ; ಕವಣೆ ಕೈಯಲ್ಲಿ ತಣ್ಣಗಾಗಿದೆ. ಬೀಸಬೇಕೆಂದರೆ ಅವರ ಹೊಟ್ಟೆ ತುಂಬಿಸಬೇಕು. ಹೊಟ್ಟೆ ತುಂಬಿಸಿದವನು ಬೀಸುವಂತಿಲ್ಲ. ಹುಡುಗ ಅಜ್ಜಿಯ ಮುಖ ನೋಡುತ್ತಾನೆ. ಉಂಡವರು ಕತ್ತಿ ಎತ್ತುತ್ತಾರೋ ಕೈ ತೊಳೆದು ಹಿಂದಿರುಗುತ್ತಾರೋ ಯಾರು ಹೇಳಬಲ್ಲರು? ಅಜ್ಜಿ ಮಾತಾಡದೆ ಹಗೇವಿಗೆ ಇಳಿದಿದ್ದಾಳೆ. ಕಲ್ಲಾ­ಗದೆ ಉಳಿದ ರಾಗಿಯನ್ನು ಮೊರಕ್ಕೆ ತುಂಬುತ್ತ, ಆಳಿಗೆರಡು ಮುದ್ದೆಯಂತೆ ಇನ್ನೂರು ಆಳಿಗೆ ಎಷ್ಟು ಸೇರು ಹಿಟ್ಟು ಬೇಕಾದೀತೆಂದು ಬೆರಳು ಮಡಿಸಿ ಎಣಿಸುತ್ತಿದ್ದಾಳೆ.